ಉಡುಗೊರೆಯಾಗಿ ಒಂದು ನಾಟಕ

ಅಡಿಕೆ ಮಂಡಿ ಸೇರಿ, ಕಾಫಿ ಕಣದಿಂದ ಮೂಟೆಗೆ ಬಂದಮೇಲೆ ಬೆಳೆಗಾರರ ಮನೆಗಳಲ್ಲಿ ಕೊಡುವ-ಮಾಡುವ ಮಾತು ಆರಂಭವಾಗುತ್ತದೆ. ವಯಸ್ಸಾದ ತಂದೆತಾಯಿಗಳಿಗೆ ಏನು ಕೊಡೋಣ, ಮಗಳು-ಅಳಿಯನಿಗೆ ಏನು, ವರ್ಷವೆಲ್ಲ ತೋಟದಲ್ಲಿ ದುಡಿದವರಿಗೆ ಏನು? ಸಾಮಾನ್ಯವಾಗಿ ಉತ್ತರ ಸಿದ್ಧವಾಗಿಯೇ ಇರುತ್ತದೆ: ಸೀರೆ, ಪಂಚೆ, ಇಲ್ಲವೇ ಒಂದು ಪಾತ್ರೆ. ಇವು ಬೇಡವೆಂದು ಯಾರೂ ಹೇಳರು. ಆದರೆ ಬೀರುವಿನಲ್ಲಿ ಈಗಾಗಲೇ ಉಡದ ಸೀರೆಗಳೂ, ಅಟ್ಟದ ಮೇಲೆ ಬಳಸದ ಪಾತ್ರೆಗಳೂ ಇರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಅಂಥ ಮನೆಯವರ ಮುಂದೆ ಈ ಲೇಖನ ಒಂದು ಸಲಹೆಯನ್ನು ಇಡುತ್ತದೆ. ಈ ವರ್ಷ ನಿಮ್ಮವರಿಗೆ ಒಂದು ನಾಟಕವನ್ನು ಉಡುಗೊರೆಯಾಗಿ ಕೊಡಿ.

ನಾಟಕ ಕೊಡುವುದು ಎಂದರೆ ಟಿಕೆಟ್ಟು ಕೊಡುವುದಲ್ಲ, ಕರೆದುಕೊಂಡು ಹೋಗಿ, ತೋರಿಸಿ, ಮನೆಗೆ ತಂದು ಬಿಡುವುದು. ಈ ಮಾತನ್ನು ಮುಂದೆ ಲೆಕ್ಕದ ಸಮೇತ ನೋಡೋಣ.

ಗುಬ್ಬಿಯ ನೆರೆಯವರು ನಾವು

ತುಮಕೂರಿನ ಮಗ್ಗುಲಲ್ಲಿರುವ ಸತ್ಯಮಂಗಲದಂಥ ಊರಿನವರಿಗೆ ನಾಟಕದ ಮಹತ್ವವನ್ನು ಬೇರೆ ಯಾರೋ ಬಂದು ಹೇಳಬೇಕಾಗಿಲ್ಲ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿ.ಮೀ. ಆ ಪುಟ್ಟ ಊರಿನಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಬಾಲ್ಯದಲ್ಲೇ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಗುಬ್ಬಿ ಕಂಪನಿಯ ಹೆಸರನ್ನು ದಕ್ಷಿಣ ಭಾರತದಲ್ಲೆಲ್ಲ ಹರಡಿದರು. 1934ರ ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆ, ಕುದುರೆಗಳನ್ನು ತಂದದ್ದೂ, ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ವೀರಣ್ಣನವರು ಜನರನ್ನು ನಗಿಸಿದ್ದೂ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಬಹುಕಾಲ ಉಳಿದ ಮಾತುಗಳು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಮೊದಲಾದವರು ಈ ಕಂಪನಿಯ ಅನ್ನ ಉಂಡು ಬೆಳೆದವರು. 1972ರಲ್ಲಿ ವೀರಣ್ಣನವರು ತೀರಿಕೊಂಡರು. ಇಂದು ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರೇ ಇದೆ.

ಆ ಕಾಲದಲ್ಲಿ ಕಂಪನಿ ಹತ್ತಿರದ ಊರಿನಲ್ಲಿ ಮೊಕ್ಕಾಂ ಮಾಡಿದರೆ ಸುತ್ತಲಿನ ಹಳ್ಳಿಯವರು ಬುತ್ತಿ ಕಟ್ಟಿ, ಗಾಡಿ ಹೂಡಿಕೊಂಡು ಹೋಗುತ್ತಿದ್ದರು. ಗಾಡಿ ಒಂದು ಮನೆಯದಾದರೂ ಅದರಲ್ಲಿ ಕೂರುತ್ತಿದ್ದವರು ನಾಲ್ಕು ಮನೆಯವರು. ಅದನ್ನು ಯಾರೂ ಉಡುಗೊರೆ ಎಂದು ಕರೆಯಲಿಲ್ಲ, ಅಷ್ಟೆ. ಗಾಡಿಯ ಯಜಮಾನ ನೆರೆಯವರಿಗೆ ಕೊಡುತ್ತಿದ್ದದ್ದು ಅದನ್ನೇ.

ಇಂದು ಆನೆ ಕುದುರೆಗಳ ಕಂಪನಿ ನಾಟಕ ನಮ್ಮ ಕಡೆ ಇಲ್ಲ. ಮನೆಯ ಟಿ.ವಿ.ಯಲ್ಲಿ, ಕೈಯ ಮೊಬೈಲಿನಲ್ಲಿ ಬೇಕಾದಷ್ಟು ಮನರಂಜನೆ ಇದೆ. ಆದರೂ ಗುಬ್ಬಿಯ ನೆರೆಯಲ್ಲೇ ಹುಟ್ಟಿ, ಒಂದು ನಾಟಕವನ್ನೂ ಕಣ್ಣಾರೆ ಕಾಣದೆ ಎಸ್.ಎಸ್.ಎಲ್.ಸಿ. ಮುಗಿಸುವ ಮಕ್ಕಳಿದ್ದಾರೆ. ಹುಡುಗಿಯಾಗಿದ್ದಾಗ ನೋಡಿದ ನಾಟಕದ ಹಾಡನ್ನು ಇಂದಿಗೂ ಗುನುಗುವ, ಆದರೆ ಮದುವೆಯಾಗಿ ತೋಟದ ಮನೆ ಸೇರಿದ ಮೇಲೆ ಮತ್ತೊಂದು ನಾಟಕ ನೋಡದ ಅಜ್ಜಿಯರಿದ್ದಾರೆ. ಇವರಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಒಂದು ಸಂಜೆ ಕೊಡಲು ಟಿ.ವಿ.ಗೆ ಆಗದು.

ಕೊಡುವ ಪದ್ಧತಿ ಹಳೆಯದು

ಆಟವನ್ನು ಕೊಡುಗೆಯಾಗಿ ಕೊಡುವುದು ಅಡಿಕೆ ಬೆಳೆಯುವ ನಾಡಿಗೆ ಹೊಸತಲ್ಲ. ಕರಾವಳಿಯಲ್ಲಿ ಕಟೀಲು ಮೊದಲಾದ ಕ್ಷೇತ್ರಗಳ ಯಕ್ಷಗಾನ ಮೇಳಗಳ ಹರಕೆ ಆಟ ಇದಕ್ಕೆ ಒಳ್ಳೆಯ ನಿದರ್ಶನ. ಮಗು ಹುಟ್ಟಿದ್ದಕ್ಕೋ, ಕಾಯಿಲೆ ವಾಸಿಯಾದದ್ದಕ್ಕೋ ಒಂದು ಮನೆಯವರು ಆಟ ಆಡಿಸುತ್ತೇವೆಂದು ಹರಕೆ ಹೊರುತ್ತಾರೆ. ಖರ್ಚು ಆ ಮನೆಯದು, ನೋಡುವುದು ಇಡೀ ಊರು. ಬಂದವರಿಗೆ ಟಿಕೆಟ್ಟಿಲ್ಲ, ಅನೇಕ ಕಡೆ ಊಟವೂ ಉಂಟು. ಕಟೀಲಿನ ಆಟಕ್ಕೆ ವರ್ಷಗಳ ಮುಂಚೆಯೇ ಹೆಸರು ಬರೆಸಿ ಕಾಯುವವರಿದ್ದಾರೆ. ಕಲಾವಿದರಿಗೆ ಕೆಲಸ, ಊರಿಗೆ ಆಟ, ಮನೆಯವರಿಗೆ ಸಮಾಧಾನ ಎಲ್ಲವೂ ಒಂದೇ ಕೊಡುಗೆಯಿಂದ ಆಗುತ್ತವೆ.

ನಮ್ಮ ಬಯಲುಸೀಮೆಯ ಕ್ರಮ ಬೇರೆ. ಇಲ್ಲಿ ಊರ ರೈತರೇ ಬಣ್ಣ ಹಚ್ಚುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಪದ್ಯ ಕಲಿಸುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಪಾತ್ರಧಾರಿಗಳು ತಮ್ಮ ಪಾತ್ರಕ್ಕೆ ತಾವೇ ಹಣ ಹಾಕುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರ ಬೇಕೆಂದರೆ ಹೆಚ್ಚು ಹಾಕಬೇಕು. ನಾಟಕದ ದಿನ ನೆಂಟರಿಷ್ಟರು ಬಂದು ರಂಗದ ಮೇಲೇ ಹಾರ ಹಾಕಿ, ನೋಟು ಕೊಟ್ಟು ಮುಯ್ಯಿ ಮಾಡುತ್ತಾರೆ. ಇಲ್ಲಿ ಕೊಡುಗೆ ಎರಡೂ ಕಡೆಯಿಂದ ಇದೆ. ಆಡುವವನು ತನ್ನ ದುಡಿಮೆಯ ಹಣದಲ್ಲಿ ಊರಿಗೆ ನಾಟಕ ಕೊಡುತ್ತಾನೆ, ಊರು ಅವನಿಗೆ ಮುಯ್ಯಿ ಕೊಡುತ್ತದೆ.

ಮುಯ್ಯಿ ಮಾಡುವವರಲ್ಲಿ ಒಂದು ವಿನಂತಿ. ದಯವಿಟ್ಟು ಪದ್ಯ ಮುಗಿಯುವವರೆಗೆ ಕಾಯಿರಿ. ಸಂಧಾನಕ್ಕೆ ಹೊರಟ ಕೃಷ್ಣನನ್ನು ನಡುವೆ ನಿಲ್ಲಿಸಿ ಹತ್ತು ಹಾರ ಹಾಕಿದರೆ ನೋಡುವವರಿಗೆ ಕಥೆಯ ಎಳೆ ತಪ್ಪುತ್ತದೆ, ಯುದ್ಧ ಶುರುವಾಗುವ ಹೊತ್ತಿಗೆ ಕೋಳಿ ಕೂಗುತ್ತದೆ.

ಲೆಕ್ಕ ಹಾಕಿ ನೋಡೋಣ

ಬೆಳೆಗಾರರು ಲೆಕ್ಕವಿಲ್ಲದ ಮಾತನ್ನು ಒಪ್ಪುವವರಲ್ಲ. ಆದ್ದರಿಂದ ಒಂದು ಮಾದರಿ ಲೆಕ್ಕ ಕೊಟ್ಟಿದೆ. ನಿಮ್ಮ ಊರಿನ ದರಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು. ಹನ್ನೆರಡು ಮಂದಿ ಹೊರಟಿದ್ದಾರೆ ಎಂದು ಇಟ್ಟುಕೊಳ್ಳೋಣ.

ಟಿಕೆಟ್ಟು ತಲಾ 100 ರೂ.ನಂತೆ: 1,200 ರೂ.
ಟೆಂಪೋ ಬಾಡಿಗೆ: 3,000 ರೂ.
ಕಾಫಿ-ತಿಂಡಿ ತಲಾ 60 ರೂ.ನಂತೆ: 720 ರೂ.
ಒಟ್ಟು: 4,920 ರೂ. ತಲಾ: 410 ರೂ.

ಇದರಲ್ಲಿ ಗಮನಿಸಬೇಕಾದ್ದು, ಟಿಕೆಟ್ಟಿನ ಪಾಲು ನಾಲ್ಕರಲ್ಲಿ ಒಂದರಷ್ಟು ಮಾತ್ರ. ಹೆಚ್ಚಿನ ಖರ್ಚು ಗಾಡಿಯದು. ಮೂರೇ ಮಂದಿ ಅದೇ ಟೆಂಪೋದಲ್ಲಿ ಹೋದರೆ ಗಾಡಿಯ ಬಾಬ್ತೇ ತಲಾ 1,000 ರೂ. ಬೀಳುತ್ತದೆ, ಹನ್ನೆರಡು ಮಂದಿ ಸೇರಿದರೆ 250 ರೂ. ಆದ್ದರಿಂದ ನಾಲ್ಕು ಮನೆಯವರು ಕೂಡಿ ಹೊರಡುವುದು ಲಾಭದಾಯಕ. ಹಿಂದೆ ಗಾಡಿಯಲ್ಲಿ ನೆರೆಯವರನ್ನು ಕೂರಿಸಿಕೊಳ್ಳುತ್ತಿದ್ದ ಕ್ರಮ ಈ ಲೆಕ್ಕಕ್ಕೂ ಸರಿಹೊಂದುತ್ತದೆ.

ಆದರೆ ಲೆಕ್ಕಕ್ಕೆ ಸಿಗದ ಒಂದು ಬಾಬ್ತು ಇದೆ, ಅದು ಬಿಡುವು. ಸಂಜೆಯ ಹಾಲು ಕರೆಯಬೇಕು, ಅಡಿಗೆಯಾಗಬೇಕು. ಕೊಯ್ಲಿನ ಕಾಲವಾದರೆ ಅಡಿಕೆ ಸುಲಿತ ನಡುರಾತ್ರಿಯವರೆಗೂ ಇರುತ್ತದೆ. ಮನೆಯ ಹೆಂಗಸರ ಕೈಗೆ ಟಿಕೆಟ್ಟು ಕೊಟ್ಟು ‘ಹೋಗಿ ಬನ್ನಿ’ ಎಂದರೆ ಆ ಟಿಕೆಟ್ಟು ದೇವರ ಪಟದ ಹಿಂದೆ ಉಳಿಯುತ್ತದೆ. ಆ ಸಂಜೆ ಹಾಲು ಕರೆಯುವವರು ಯಾರು, ಮಲಗಿರುವ ಮಾವನವರನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಗೊತ್ತುಮಾಡಿದಾಗಲೇ ಉಡುಗೊರೆ ಪೂರ್ಣವಾಗುತ್ತದೆ. ‘ಈ ದಿನ ನಿಮ್ಮ ಮನೆಯವರು ಹೋಗಲಿ, ಹಟ್ಟಿ ನಾವು ನೋಡಿಕೊಳ್ಳುತ್ತೇವೆ. ಮುಂದಿನ ಬಾರಿ ನಮ್ಮವರು ಹೋಗುತ್ತಾರೆ’ ಎಂಬ ಒಪ್ಪಂದ ಅಕ್ಕಪಕ್ಕದ ಎರಡು ಮನೆಗಳ ನಡುವೆ ಸಾಧ್ಯ.

ದುಡಿದವರಿಗೆ ಕೊಡುವಾಗ

ತೋಟದ ಕೆಲಸಗಾರರ ಕುಟುಂಬಗಳನ್ನು ಕರೆದೊಯ್ಯುವುದು ಬಹಳ ಒಳ್ಳೆಯದು. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಾಟಕ ಕೂಲಿಗೆ ಬದಲಲ್ಲ. ಹಬ್ಬದ ಬಟ್ಟೆಗೂ, ವಾಡಿಕೆಯ ಇನಾಮಿಗೂ ಬದಲಲ್ಲ. ಸಲ್ಲಬೇಕಾದದ್ದನ್ನು ಸಲ್ಲಿಸಿದ ಮೇಲೆ ಕೊಡುವುದು ಮಾತ್ರ ಉಡುಗೊರೆ. ಹೋಗುವ ದಿನದ ಕೂಲಿ ತಪ್ಪದಂತೆ ನೋಡಿಕೊಳ್ಳಿ. ಬರಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಯಜಮಾನರಿಗೆ ಮುಂದಿನ ಸಾಲು, ಅವರಿಗೆ ಹಿಂದಿನ ಸಾಲು ಎಂದು ಮಾಡಬೇಡಿ. ಒಂದೇ ಸಾಲಿನಲ್ಲಿ ಕುಳಿತು ಒಂದೇ ಹಾಸ್ಯಕ್ಕೆ ನಕ್ಕವರು ಮರುದಿನ ತೋಟದಲ್ಲಿ ಮಾತನಾಡುವ ರೀತಿಯೇ ಬೇರೆ.

ಎಲ್ಲಿ, ಯಾವ ನಾಟಕ?

ಸಾಗರ ತಾಲೂಕಿನ ಹೆಗ್ಗೋಡಿನ ನೀನಾಸಂ ನಮ್ಮ ಓದುಗರು ಹೆಮ್ಮೆ ಪಡಬೇಕಾದ ಸಂಸ್ಥೆ. 1949ರಲ್ಲಿ ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಅದು ಆರಂಭವಾಯಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಸ್ವತಃ ಅಡಿಕೆ ಬೆಳೆಗಾರರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. 1985ರಲ್ಲಿ ಶುರುವಾದ ನೀನಾಸಂ ತಿರುಗಾಟ ಹೊಸ ನಾಟಕಗಳೊಡನೆ ನಾಡಿನ ಊರೂರಿಗೆ ಹೋಗುತ್ತದೆ. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮಿಗಳು 1997ರಲ್ಲಿ ಆರಂಭಿಸಿದ ಶಿವಸಂಚಾರವೂ ಹೀಗೆಯೇ ಸಂಚರಿಸುವ ತಂಡ. ಬೆಂಗಳೂರಿನಲ್ಲಿ 2004ರಿಂದ ರಂಗಶಂಕರವಿದೆ. ಅಲ್ಲಿಗೆ ಹೋಗುವವರು ನಗರದ ವಾಹನ ಸಂದಣಿಯನ್ನು ಲೆಕ್ಕಕ್ಕೆ ಹಿಡಿದು ಮಧ್ಯಾಹ್ನವೇ ಹೊರಡಬೇಕು. ಆಟ ಶುರುವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ.

ಕೊಡುವವರು ಗಮನಿಸಬೇಕಾದ ಕೆಲವು ಅಂಶಗಳು:

1. ನಾಟಕ ನಿಮಗೆ ಇಷ್ಟವಾದದ್ದಲ್ಲ, ಪಡೆಯುವವರಿಗೆ ಇಷ್ಟವಾಗುವಂಥದ್ದಾಗಿರಲಿ. ಹಿರಿಯರಿಗೆ ಹಾಡುಗಳಿರುವ ಪೌರಾಣಿಕ ನಾಟಕವೋ ಯಕ್ಷಗಾನವೋ ಹಿತ. ಚಿಕ್ಕಮಕ್ಕಳಿಗೆ ಒಂದೂವರೆ ಗಂಟೆಗಿಂತ ಉದ್ದದ್ದು ಬೇಡ.

2. ಕಿವಿ ಮಂದವಾದವರಿಗೆ ಮುಂದಿನ ಸಾಲು, ಮೊಣಕಾಲು ನೋವಿನವರಿಗೆ ಮೆಟ್ಟಿಲು ಹತ್ತಬೇಕಿಲ್ಲದ ಜಾಗ ಮುಂಚೆಯೇ ಕೇಳಿ ಇಡಿಸಿ.

3. ಹೊರಡುವ ಮುನ್ನ ಮಕ್ಕಳಿಗೆ ಕಥೆಯನ್ನು ಸ್ವಲ್ಪ ಹೇಳಿ. ಅಜ್ಜ-ಅಜ್ಜಿಯಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

4. ಬಯಲಿನ ಆಟವಾದರೆ ಶಾಲು, ಚಾಪೆ, ಕುಡಿಯುವ ನೀರು ಜೊತೆಗಿರಲಿ. ಹಿಂತಿರುಗುವ ಗಾಡಿಯ ಚಾಲಕನಿಗೆ ಹಗಲು ನಿದ್ದೆಯಾಗಿದೆಯೇ ಎಂದು ವಿಚಾರಿಸಿ.

5. ಕಾಲವನ್ನು ನೋಡಿ ದಿನ ಗೊತ್ತುಮಾಡಿ. ಕೊಯ್ಲಿನ ನಡುವೆ ಕೊಟ್ಟ ಟಿಕೆಟ್ಟು ಹೊರೆ, ಕೊಯ್ಲು ಮುಗಿದ ಮೇಲೆ ಕೊಟ್ಟದ್ದು ಹಬ್ಬ.

ಊರಿಗೇ ಕೊಡಬಹುದು

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಜನರನ್ನು ನಾಟಕಕ್ಕೆ ಕರೆದೊಯ್ಯುವ ಬದಲು ನಾಟಕವನ್ನೇ ಊರಿಗೆ ಕರೆತರಬಹುದು. ಸಂಚಾರಿ ತಂಡಗಳು ನಡೆಯುವುದೇ ಊರವರ ಆಹ್ವಾನದಿಂದ. ತಂಡದ ಸಂಭಾವನೆ, ಊಟ, ವಸತಿ, ಆಡಲು ತಕ್ಕ ಜಾಗ ಇಷ್ಟನ್ನು ಊರವರು ಒದಗಿಸಬೇಕು. ಒಬ್ಬ ಸಣ್ಣ ಬೆಳೆಗಾರನಿಗೆ ಇದು ಹೊರಲಾರದ ಭಾರ. ಇಪ್ಪತ್ತು ಮಂದಿ ಕೂಡಿ, ತಮ್ಮೂರಿನ ಶಾಲೆಯ ಮಕ್ಕಳಿಗೆಂದು ಒಂದು ಆಟ ಆಡಿಸಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಅಲ್ಪ. ಒಬ್ಬನಿಂದ ಆಗದ್ದು ಹತ್ತು ಮಂದಿಯಿಂದ ಆಗುತ್ತದೆ ಎಂಬುದನ್ನು ಸಹಕಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಯಲ್ಲಿ ಧಾರಣೆಗಾಗಿ ಒಂದಾದವರು ಒಂದು ಸಂಜೆಯ ನಾಟಕಕ್ಕಾಗಿಯೂ ಒಂದಾಗಬಹುದು.

ನೋಡುವವರಿಲ್ಲದೆ ಆಡುವವರಿಲ್ಲ. ನಾವು ಖಾಲಿ ಬಿಟ್ಟ ಪ್ರತಿಯೊಂದು ಕುರ್ಚಿಯೂ ಕಲಾವಿದನ ಕೂಲಿಯಲ್ಲಿ ಕಡಿತ. ಬೆಲೆ ಬೀಳುವುದರ ನೋವು ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ನಾಟಕ ಆಡುವವನ ಬೆಳೆಯನ್ನು ಕೆಡದಂತೆ ದಾಸ್ತಾನು ಮಾಡಿ ಇಡುವ ಗೋದಾಮು ಇಲ್ಲ. ಅದು ಆ ಸಂಜೆಯೇ ಸಲ್ಲಬೇಕು. ಆದ್ದರಿಂದ ಈ ಬಾರಿಯ ಪಟ್ಟಿ ಅದೇ ವಾರದಲ್ಲಿ ಗಟ್ಟಿಯಾಗಲಿ: ಯಾರನ್ನು ಕರೆದೊಯ್ಯುವುದು, ಯಾವ ಆಟಕ್ಕೆ, ಆ ಸಂಜೆ ಹಾಲು ಕರೆಯುವವರು ಯಾರು. ಮೂರೂ ಗೊತ್ತಾದ ಮೇಲೆ ಟಿಕೆಟ್ಟು ಕೊಳ್ಳುವುದು ಸುಲಭದ ಕೆಲಸ.