ಗ್ರಾಚ್ಯುಟಿ: ಸಣ್ಣ ಮಾಲೀಕರ ದೊಡ್ಡ ಹೊಣೆ

ಗ್ರಾಚ್ಯುಟಿ ಎಂದರೆ ವರ್ಷಗಟ್ಟಲೆ ದುಡಿದ ನೌಕರನಿಗೆ ಕೆಲಸ ಬಿಡುವಾಗ ಮಾಲೀಕ ಕೊಡಲೇಬೇಕಾದ ಹಣ. ಅದು ಇನಾಮಲ್ಲ, ಹಕ್ಕು. ಹಿಂದೆ ಇದಕ್ಕೆ 1972ರ ಕಾಯ್ದೆಯಿತ್ತು. 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂದಿದೆ.

10 ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ, ಹೋಟೆಲು, ಪ್ರಿಂಟಿಂಗ್ ಪ್ರೆಸ್ಸುಗಳಿಗೆಲ್ಲ ಈ ನಿಯಮ ಅನ್ವಯಿಸುತ್ತದೆ. ಒಮ್ಮೆ ಅನ್ವಯಿಸಿದ ಮೇಲೆ ನೌಕರರ ಸಂಖ್ಯೆ 8ಕ್ಕೆ ಇಳಿದರೂ ಹೊಣೆ ತಪ್ಪದು. ಹಲವು ಸಣ್ಣ ಮಾಲೀಕರು ಎಡವುವುದು ಇಲ್ಲಿಯೇ.

ಲೆಕ್ಕ ಸರಳ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ವೇತನ 13,000 ರೂಪಾಯಿಯಾದರೆ ವರ್ಷವೊಂದಕ್ಕೆ 7,500, ಹತ್ತು ವರ್ಷಕ್ಕೆ 75,000. ಕೊನೆಯಲ್ಲಿ ಆರು ತಿಂಗಳು ಮೀರಿದ ಸೇವೆಯನ್ನು ಪೂರ್ತಿ ವರ್ಷವೆಂದೇ ಎಣಿಸಬೇಕು.

ಸಾಮಾನ್ಯವಾಗಿ ಐದು ವರ್ಷ ಸತತ ಸೇವೆ ಬೇಕು. ನೌಕರ ತೀರಿಕೊಂಡರೆ ಅಥವಾ ಅಂಗವಿಕಲನಾದರೆ ಈ ಷರತ್ತಿಲ್ಲ. ಕಾನೂನಿನ ಅತ್ಯಂತ ಮಾನವೀಯ ಭಾಗ ಇದು. ನಿಗದಿತ ಅವಧಿಗೆ ನೇಮಕವಾದವರಿಗೆ ಹೊಸ ಸಂಹಿತೆಯಡಿ ಒಂದು ವರ್ಷ ಸಾಕು.

ಹಣವನ್ನು 30 ದಿನದೊಳಗೆ ಪಾವತಿಸಬೇಕು, ತಡವಾದರೆ ಬಡ್ಡಿಯನ್ನೂ ಸೇರಿಸಬೇಕು. ವ್ಯಾಪಾರ ನೆಲಕಚ್ಚಿದಾಗ ಇದನ್ನು ಹೊಂದಿಸುವುದು ಕಷ್ಟ, ಆಗ ಬರಿಗೈಯಾಗುವವನು ನೌಕರ. ಅದಕ್ಕಾಗಿಯೇ ಕರ್ನಾಟಕ ಸರ್ಕಾರ 2024ರಲ್ಲಿ ನಿಯಮ ರೂಪಿಸಿ, ಮಾಲೀಕರು ಗ್ರಾಚ್ಯುಟಿಗೆ ವಿಮೆ ಮಾಡಿಸುವುದನ್ನು ಕಡ್ಡಾಯಗೊಳಿಸಿತು.