ಖಾನೇಸುಮಾರಿ ಮತ್ತು ಅಂಗವಿಕಲರು

ನಮ್ಮ ಊರು ಹಲಸಂಗಿ. ಅಲ್ಲಿಯ ಹಿರಿಯರು ಜನಗಣತಿಗೆ ಇಂದಿಗೂ ಖಾನೇಸುಮಾರಿ ಎಂದೇ ಅನ್ನುತ್ತಾರೆ. 2011ರ ಖಾನೇಸುಮಾರಿಯ ಕಾಲಕ್ಕೆ ನಾನು ಐದಾರು ವರ್ಷದ ಹುಡುಗ. ಆಗ ನಡೆದ ಒಂದು ಸಂಗತಿಯನ್ನು ಮನೆಯಲ್ಲಿ ಮೇಲಿಂದ ಮೇಲೆ ಕೇಳಿದ್ದೇನೆ. ಎಣಿಕೆಗೆ ಬಂದವರು ಕಟ್ಟೆಯ ಮೇಲೆ ಕುಳಿತು, "ಮನೆಯಲ್ಲಿ ಅಂಗವಿಕಲರು ಯಾರಾದರೂ ಇರುವರೋ?" ಎಂದು ಕೇಳಿದರಂತೆ. ಅಜ್ಜ, "ದೇವರ ದಯಾ, ಅಂಥವರು ಯಾರೂ ಇಲ್ಲ" ಎಂದುಬಿಟ್ಟ. ಒಳಗೆ, ಪೋಲಿಯೊದಿಂದ ಎಡಗಾಲು ಸೊರಗಿದ ನನ್ನ ಸೋದರತ್ತೆ ರೊಟ್ಟಿ ಬಡಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಅಜ್ಜಿ ಗೋಡೆ ಹಿಡಿದು ಅಡ್ಡಾಡುತ್ತಿದ್ದಳು.

ಅಜ್ಜ ಸುಳ್ಳು ಹೇಳಿದನೆ? ದೊಡ್ಡವನಾದ ಮೇಲೆ ಕೇಳಿದೆ. "ಹತ್ತು ಮಂದಿಗೆ ಅಡಿಗಿ ಮಾಡಾಕಿ ಹ್ಯಾಂಗ ಅಂಗವಿಕಲ ಆದಾಳು? ನಿಮ್ಮಜ್ಜಿದು ವಯಸ್ಸಿನ ಕಣ್ಣು" ಎಂದ. ಸ್ವಲ್ಪ ತಡೆದು, "ಆಗ ನಿಮ್ಮ ಸಣ್ಣತ್ತಿ ಲಗ್ನಾ ಬ್ಯಾರೆ ಆಗೂದಿತ್ತು" ಎಂದ. ದುಡಿಯುವವರು ಅಂಗವಿಕಲರಲ್ಲ, ಮುಪ್ಪಿನ ಕುಂದು ಕುಂದಲ್ಲ, ಇದ್ದರೂ ಹೇಳುವುದು ನಾಚಿಕೆ. ಈ ಮೂರು ಕಾರಣಗಳಿಂದ ದೇಶದ ಅದೆಷ್ಟೋ ಮನೆಗಳಲ್ಲಿ ಎಣಿಕೆ ತಪ್ಪುತ್ತದೆ.

ಈ ಎಣಿಕೆಯೇನೂ ಹೊಸದಲ್ಲ. 1872ರ ಮೊದಲ ಜನಗಣತಿಯಿಂದ 1931ರ ವರೆಗೆ ಬ್ರಿಟಿಷ್ ಸರಕಾರವು ಮುಖ್ಯವಾಗಿ ಕುರುಡರು, ಕಿವುಡ-ಮೂಕರು, ಬುದ್ಧಿಭ್ರಮಣೆಯಾದವರು, ಕುಷ್ಠರೋಗಿಗಳು ಇವರ ಲೆಕ್ಕವನ್ನು ಬರೆಸಿತು. 1941ರಲ್ಲಿ ಆ ಪ್ರಶ್ನೆ ಬಿಟ್ಟುಹೋಯಿತು. ಸ್ವತಂತ್ರ ಭಾರತದ 1951, 1961, 1971ರ ಗಣತಿಗಳಲ್ಲಿಯೂ ಅದು ಬರಲಿಲ್ಲ. 1981 ಅಂಗವಿಕಲರ ಅಂತರರಾಷ್ಟ್ರೀಯ ವರ್ಷವಾದುದರಿಂದ ಮತ್ತೆ ಕೇಳಿದರು. ಆದರೆ ಕೇಳಿದ್ದು ಪೂರ್ಣ ಕುರುಡರು, ಪೂರ್ಣ ಮೂಕರು, ಪೂರ್ಣ ಹೆಳವರು ಎಷ್ಟು ಎಂದು ಮಾತ್ರ. ಸಿಕ್ಕವರು ಸುಮಾರು 11 ಲಕ್ಷ. 1991ರಲ್ಲಿ ಪುನಃ ಪ್ರಶ್ನೆಯಿಲ್ಲ. 2001ರಲ್ಲಿ "ಪೂರ್ಣ" ಎಂಬ ಮಾತನ್ನು ಕೈಬಿಟ್ಟು, ನೋಟ, ಮಾತು, ಶ್ರವಣ, ಚಲನೆ, ಮನಸ್ಸು ಎಂದು ಐದು ಬಗೆಗಳನ್ನು ಕೇಳಲಾಯಿತು. ಸಂಖ್ಯೆ 2 ಕೋಟಿ 19 ಲಕ್ಷಕ್ಕೆ ಏರಿತು!

ವಾಚಕರೇ, ಇಪ್ಪತ್ತು ವರ್ಷಗಳಲ್ಲಿ ಅಂಗವಿಕಲರು ಇಪ್ಪತ್ತು ಪಟ್ಟು ಹೆಚ್ಚಿದರೆಂದು ತಿಳಿಯಬಾರದು. ಹೆಚ್ಚಾಗಿ ಬದಲಾದದ್ದು ಪ್ರಶ್ನೆ. 2011ರಲ್ಲಿ ಎಂಟು ಬಗೆಗಳಾದವು. ದೇಶದಲ್ಲಿ 2 ಕೋಟಿ 68 ಲಕ್ಷ, ಅಂದರೆ ನೂರಕ್ಕೆ 2.21 ಜನ, ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ. ಅತ್ತೆಗೆ "ಚಲನೆ", ಅಜ್ಜಿಗೆ "ನೋಟ" ಎಂಬ ಅಂಕಣಗಳು ಆ ಪಟ್ಟಿಯಲ್ಲಿ ಇದ್ದವು. ಆದರೆ ಆ ಅಂಕಣಗಳಿಗೆ ಹೋಗುವ ಮುನ್ನ "ಅಂಗವಿಕಲರೇ?" ಎಂಬ ಬಾಗಿಲು ದಾಟಬೇಕಿತ್ತು. ಅಜ್ಜ ಆ ಬಾಗಿಲನ್ನೇ ಮುಚ್ಚಿದ. ಅದೇ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿನಲ್ಲಿ ನೂರಕ್ಕೆ ಸುಮಾರು 15 ಜನ ಅಂಗವಿಕಲರೆಂದು ಅಂದಾಜು ಮಾಡಿತು.

ಹಾಗಾದರೆ ಹೇಗೆ ಕೇಳಬೇಕು? ವಿಶ್ವಸಂಸ್ಥೆಯ ಆಶ್ರಯದಲ್ಲಿ 2001ರಲ್ಲಿ ಆರಂಭವಾದ ವಾಷಿಂಗ್ಟನ್ ಗುಂಪು ಆರು ಪ್ರಶ್ನೆಗಳನ್ನು ಸಿದ್ಧಪಡಿಸಿದೆ. ಅವುಗಳಲ್ಲಿ ಅಂಗವಿಕಲ ಎಂಬ ಶಬ್ದವೇ ಇಲ್ಲ. ಕನ್ನಡಕವಿದ್ದರೂ ನೋಡಲು, ಶ್ರವಣ ಯಂತ್ರವಿದ್ದರೂ ಕೇಳಲು, ನಡೆಯಲು ಅಥವಾ ಮೆಟ್ಟಿಲು ಹತ್ತಲು, ನೆನಪಿಡಲು, ತನ್ನ ಸ್ನಾನ-ಉಡುಪು ತಾನೇ ಮಾಡಿಕೊಳ್ಳಲು, ಮಾತು ತಿಳಿಯಲು-ತಿಳಿಸಲು ತೊಂದರೆಯಿದೆಯೆ ಎಂದಷ್ಟೇ ಕೇಳುತ್ತಾರೆ. ಉತ್ತರ ನಾಲ್ಕು: ಇಲ್ಲ, ಸ್ವಲ್ಪ, ಬಹಳ, ಆಗುವುದೇ ಇಲ್ಲ. ಒಂದು ಪ್ರಶ್ನೆಗಾದರೂ ಕಡೆಯ ಎರಡರಲ್ಲಿ ಒಂದು ಉತ್ತರ ಬಂದರೆ ಆ ವ್ಯಕ್ತಿ ಲೆಕ್ಕಕ್ಕೆ ಬರುತ್ತಾನೆ. ಈ ಪ್ರಶ್ನೆಗಳಿಗೂ ಕೊರತೆಯುಂಟು. ಮನೋವ್ಯಾಧಿಯುಳ್ಳವರು ಇವುಗಳಿಗೆ ಪೂರ್ತಿಯಾಗಿ ಸಿಗುವುದಿಲ್ಲ.

ನಾನು ಇವನ್ನು ಅಜ್ಜನ ಮುಂದಿಟ್ಟು ನೋಡಿದೆ. "ಅತ್ತಿಗೆ ನಡಿಯಾಕ ತ್ರಾಸೇನು?" ಎಂದರೆ, "ಭಾಳ ತ್ರಾಸ ಐತಿ" ಎಂದ. ಅಜ್ಜಿಯ ಕಣ್ಣಿಗೂ ಅದೇ ಉತ್ತರ. ಸೊನ್ನೆಯಿದ್ದ ಮನೆಯಲ್ಲಿ ಇಬ್ಬರಾದರು. ಪಕ್ಕದಲ್ಲಿದ್ದ ಅತ್ತೆ, "ಅವತ್ತ ನನ್ನ ಯಾರರೆ ಕೇಳ್ಯಾರೇನು?" ಎಂದಳು. ಆ ಮಾತಿಗೆ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ. ನಮ್ಮೂರಿನ ಹಲಸಂಗಿ ಗೆಳೆಯರು 1931ರಲ್ಲಿ "ಗರತಿಯ ಹಾಡು" ಹೊರತಂದರು. ಹಾಡುವ ಹೆಣ್ಣುಮಕ್ಕಳನ್ನೇ ಕೇಳಿದ್ದರಿಂದ ಆ ಹಾಡುಗಳು ದೊರೆತವು. ಕಟ್ಟೆಯ ಮೇಲಿನ ಯಜಮಾನನನ್ನು ಕೇಳಿದ್ದರೆ ದೊರೆಯುತ್ತಿದ್ದವೆ?

2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರಕಾರಿ ನೌಕರಿಯಲ್ಲಿ ನೂರಕ್ಕೆ 4, ಉಚ್ಚ ಶಿಕ್ಷಣದಲ್ಲಿ ನೂರಕ್ಕೆ 5 ಸ್ಥಾನಗಳನ್ನು ಕಾದಿರಿಸಿದೆ. ಆದರೆ ಮಾಸಾಶನಕ್ಕೆ ಎಷ್ಟು ಹಣ ಬೇಕು, ಯಾವ ಊರಿನ ಶಾಲೆಗೆ ಇಳಿಜಾರು ದಾರಿ ಬೇಕು ಎಂದು ಯೋಜಿಸುವವರ ಕೈಯಲ್ಲಿರುವುದು ಅಂಕಿ. ಅಂಕಿಯಲ್ಲಿ ಇಲ್ಲದವರು ಯೋಜನೆಯಲ್ಲಿಯೂ ಇಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಸರಕಾರ 2025ರಲ್ಲಿ ಪ್ರಕಟಿಸಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಎಣಿಸುವವರು ಬಂದಾಗ ಉತ್ತರ ಹೇಳಲು ಅಜ್ಜ ನನ್ನನ್ನೇ ಮುಂದೆ ಮಾಡುವನು. ನಾನು ಅತ್ತೆಯನ್ನು ಹೊರಗೆ ಕರೆದು, ಕಟ್ಟೆಯ ಮೇಲೆ ಕೂರಿಸುವೆನು. ಅವಳ ಉತ್ತರವನ್ನು ಅವಳೇ ಹೇಳಲಿ. ಓದು ಕಲಿತ ನಾವು ನಮ್ಮ ನಮ್ಮ ಮನೆಗಳಲ್ಲಿ ಇಷ್ಟನ್ನಾದರೂ ಮಾಡಬಾರದೆ?