ಕುರುಗೋಡು: ರೊಟ್ಟಿ ಉಬ್ಬುವ ಹೊತ್ತು

ಬಳ್ಳಾರಿಯಿಂದ ನಸುಕಿನ ಬಸ್ಸು ಹಿಡಿದು ಕುರುಗೋಡಿನಲ್ಲಿ ಇಳಿದಾಗ ಗುಡ್ಡದ ಬಂಡೆಗಳಿಗೆ ಇನ್ನೂ ಬಣ್ಣ ಬಂದಿರಲಿಲ್ಲ. ಶ್ರಾವಣದ ಸೋಮವಾರ. ದೊಡ್ಡಬಸವೇಶ್ವರನ ಗುಡಿಯ ಕಡೆ ಆಗಲೇ ಜನ ಹೊರಟಿದ್ದರು. ನಾನು ಬಂದದ್ದೂ ಅವನ ಚಿತ್ರಕ್ಕೇ. ಆದರೆ ದಾರಿಯಲ್ಲಿ ಒಂದು ಬಯಲಿನಿಂದ ಜಾಲಿ ಕಟ್ಟಿಗೆಯ ಹೊಗೆ ಏಳುತ್ತಿತ್ತು, ಅದರ ಹಿಂದೆಯೇ ಹುರಿದ ಶೇಂಗಾದ ವಾಸನೆ. ಕಾಲು ಅತ್ತ ತಿರುಗಿದವು, ಮಧ್ಯಾಹ್ನದವರೆಗೆ ಅಲ್ಲೇ ನಿಂತವು.

ರೈತ ಕುಟುಂಬವೊಂದು ಹರಕೆ ತೀರಿಸಲು ಇಟ್ಟುಕೊಂಡ ದಾಸೋಹ ಅದು. ಅಡುಗೆಗೆ ಒಬ್ಬರನ್ನಲ್ಲ, ಮೂರು ತಂಡಗಳನ್ನು ಕರೆಸಿದ್ದರು. ಹುಗ್ಗಿ, ಪಲ್ಯ, ಸಾರಿಗೆ ಬಳ್ಳಾರಿಯವರು. ಅನ್ನಕ್ಕೆ ಸಿರುಗುಪ್ಪದವರು. ರೊಟ್ಟಿಗೆ ಕುರುಗೋಡಿನ ಹೆಣ್ಣುಮಕ್ಕಳು, ಒಟ್ಟು 11 ಮಂದಿ. ಈ ಸೀಮೆಯಲ್ಲಿ ಮದುವೆ ನಿಶ್ಚಯವಾದರೆ ಛತ್ರಕ್ಕಿಂತ ಮೊದಲು ಇಂಥವರ ದಿನ ಖಾಲಿ ಇದೆಯೇ ಎಂದು ಕೇಳುತ್ತಾರೆ. ದೊಡ್ಡ ನಗರಗಳ ಹೋಟೆಲುಗಳಲ್ಲಿ ಹೆಸರಾಂತ ಬಾಣಸಿಗರು ಇಬ್ಬರು ಮೂವರು ಸೇರಿ ಒಂದೇ ರಾತ್ರಿಯ ಊಟ ಮಾಡುತ್ತಾರೆ. ಅದರ ಚಿತ್ರ ತೆಗೆಯಲು ಛಾಯಾಗ್ರಾಹಕರನ್ನು ಗೊತ್ತುಮಾಡಿರುತ್ತಾರೆ, ತಟ್ಟೆಯ ಮೇಲೆ ಬೆಳಕು ಎಲ್ಲಿಂದ ಬೀಳಬೇಕೆಂದೂ ನಿಶ್ಚಯವಾಗಿರುತ್ತದೆ. ಇಲ್ಲಿ ಬೆಳಕೆಂದರೆ ನೀಲಿ ತಾಡಪಾಲಿನಿಂದ ಸೋಸಿ ಬಂದದ್ದು ಮತ್ತು ಒಲೆಯದ್ದು. ತಾಡಪಾಲಿನ ಕೆಳಗೆ ಅನ್ನವೂ ನೀಲಿ, ಒಲೆಯ ಹತ್ತಿರ ಮುಖವೆಲ್ಲ ಕೆಂಪು. ಫ್ಲ್ಯಾಶ್ ಹಾಕಿದರೆ ಹೊಗೆಯಷ್ಟೇ ಬೆಳ್ಳಗಾಗುತ್ತಿತ್ತು. ಅದನ್ನು ಆರಿಸಿ, ಕೇಳಿಕೊಂಡು ಒಲೆಗಳ ನಡುವೆ ಕೂತೆ.

ಊರಿನ ಚರಿತ್ರೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕುರುಗೋಡು ಸಿಂದರ ರಾಜಧಾನಿ. ಗುಡ್ಡದ ಮೇಲೆ ಕೋಟೆ, ಬುಡದಲ್ಲಿ ಸಾಲು ಗುಡಿಗಳು. ದೊಡ್ಡಬಸವೇಶ್ವರ ಸುಮಾರು 12 ಅಡಿ ಎತ್ತರದ ಏಕಶಿಲೆಯ ನಂದಿ. ಬೇರೆ ಕಡೆ ಲಿಂಗದ ಎದುರು ಕೂರುವವನು ಇಲ್ಲಿ ತಾನೇ ಗರ್ಭಗುಡಿಯ ದೇವರು. ಹೋಳಿ ಹುಣ್ಣಿಮೆಯ ಹೊತ್ತಿಗೆ ತೇರು. ಈಚೆಗೆ ಊರು ತಾಲ್ಲೂಕು ಕೇಂದ್ರವಾಗಿದೆ. ನನಗೆ ಹಿಡಿಸಿದ ಸಂಗತಿ ಇನ್ನೊಂದು: ಸಿಂದರು ತಲೆಬಾಗುತ್ತಿದ್ದ ಅದೇ ಕಲ್ಯಾಣದ ಅರಮನೆಯಲ್ಲಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಬರೆಸಿದ. ಅದರ ಅನ್ನಭೋಗದ ಭಾಗದಲ್ಲಿ ಉದ್ದಿನ ಇಡ್ಡರಿಕೆಯಿಂದ ಮಾಂಸದಡುಗೆಯವರೆಗೆ ಎಲ್ಲವೂ ಇದೆ. ಅಟ್ಟವರ ಹೆಸರುಗಳು ಮಾತ್ರ ನಮ್ಮವರೆಗೆ ಬರಲಿಲ್ಲ.

ಬಳ್ಳಾರಿಯ ತಂಡದ ಹಿರಿಯರು ಹುಗ್ಗಿಯ ಕೊಪ್ಪರಿಗೆ ಬಿಟ್ಟು ಕದಲುತ್ತಿರಲಿಲ್ಲ. ಹುಡುಗರ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಎರಡೂ ಒಂದೇ ಉಸಿರಿನಲ್ಲಿ. 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದ ಊರಿನ ಅಡುಗೆಮನೆಗೆ ಇವೆರಡೂ ಮನೆಮಾತೇ. ಕುಟ್ಟಿದ ಗೋಧಿ ಪೂರ್ತಿ ಬೇಯುವ ತನಕ ಅವರು ಬೆಲ್ಲದ ಬುಟ್ಟಿಯನ್ನು ಹತ್ತಿರ ತರಗೊಡಲಿಲ್ಲ. ಬೆಲ್ಲ ಬಿದ್ದ ಮೇಲೆ ಗೋಧಿ ಮೆತ್ತಗಾಗುವುದಿಲ್ಲ, ಎಷ್ಟು ಉರಿ ಹಾಕಿದರೂ ಗಟ್ಟಿಯೇ. ಬೆಂದದ್ದು ಗೊತ್ತಾಗುವುದು ಹೇಗೆಂದು ಕೇಳಿದೆ.

“ಕಣ್ಣಿಗೆ ಕಾಣಂಗಿಲ್ರಿ ಸಾರ್, ಕೇಳಬೇಕು. ಮೊದ್ಲು ಕೊತಕೊತ ಅಂತದ. ಬೆಂದ ಮ್ಯಾಲೆ ದನಿ ದಪ್ಪ ಆಗ್ತದ ನೋಡ್ರಿ, ಗುದುಗುದು ಅಂತ.”

ಕಣ್ಣು ಮುಚ್ಚಿ ಕೇಳಿದೆ. ಹೌದು, ದನಿ ದಪ್ಪವಾಗಿತ್ತು. ಅವರು ಕೊಪ್ಪರಿಗೆಯ ಕಡೆ ಕಿವಿ ವಾಲಿಸಿ, ಹುಟ್ಟು ಹಿಡಿದ ಹುಡುಗನಿಗೆ ಇನ್ನೊಂದು ಕೈಯಲ್ಲಿ ನಿಧಾನ ಎಂದು ಸನ್ನೆ ಮಾಡುತ್ತಿರುವ ಚಿತ್ರವೊಂದು ಸಿಕ್ಕಿದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪಗಲ್ಲು ಗುಡ್ಡಗಳಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಆ ಚಿತ್ರ ನೋಡುವಾಗ ನನಗೆ ಅವೇ ನೆನಪಾಗುತ್ತವೆ.

ಸಿರುಗುಪ್ಪದವರದು ಬೇರೆ ರೀತಿ. ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಆ ಕಡೆ ಹೊಲವೆಲ್ಲ ಗದ್ದೆ. ಸೋನಾ ಮಸೂರಿಯನ್ನು ಅವರು ಮನೆಯ ಮಗುವಿನ ಹಾಗೆ ಮಾತಾಡಿಸುತ್ತಾರೆ. “ಹೊಸ ಅಕ್ಕಿಗೆ ನೀರು ಕಮ್ಮಿ ಕುಡಿಸ್ಬೇಕ್ರಿ, ಇಲ್ಲಾಂದ್ರ ಮುದ್ದಿ. ಹಳೇ ಅಕ್ಕಿ ಕೇಳಿದಷ್ಟು ಕೊಡ್ಬೇಕು.” ಒಂದು ಅಗುಳನ್ನು ಬೆರಳ ನಡುವೆ ಹಿಸುಕಿ, ನಡುವೆ ಸಣ್ಣ ಬಿಳಿ ಚುಕ್ಕೆ ಉಳಿದಿದ್ದಾಗಲೇ ಇಳಿಸಿದರು, ಗಂಜಿ ಬಸಿದು ಚಾಪೆಯ ಮೇಲೆ ಹರವುವ ಹೊತ್ತಿಗೆ ಆ ಚುಕ್ಕೆ ತಾನೇ ಬೇಯುತ್ತದೆ. ಗಂಜಿ ಬಸಿಯುವಾಗ ಎದ್ದ ಹಬೆಗೆ ನನ್ನ ಲೆನ್ಸ್ ಪೂರ್ತಿ ಮಂಜಾಯಿತು. ಅರಿವೆಯಿಂದ ಒರೆಸುವಷ್ಟರಲ್ಲಿ ನಾಲ್ವರು ಸೇರಿ ಕೊಪ್ಪರಿಗೆ ಬಾಗಿಸಿದ ಆ ಗಳಿಗೆ ಕಳೆದುಹೋಗಿತ್ತು. ಇನ್ನೊಮ್ಮೆ ಬಾಗಿಸಿ ಎಂದು ಅಡುಗೆಯವರನ್ನು ಕೇಳಲಾಗದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದನ್ನು ಅವರು ಇನ್ನೂ ನಿನ್ನೆಯ ಮಾತಿನಂತೆ ಹೇಳುತ್ತಾರೆ. ಅದೂ ಶ್ರಾವಣವೇ. ನೀರು ನದಿಗೆ ಹೋಗುತ್ತಿದ್ದಷ್ಟು ದಿನ ಮದುವೆ ಮನೆಯಲ್ಲೂ ಅದೇ ಮಾತಂತೆ, ಒಲೆ ಮುಂದೆಯೂ ಅದೇ ಮಾತಂತೆ. ಭತ್ತ ಇಲ್ಲದಿದ್ದರೆ ತಮಗೇನು ಕೆಲಸ ಎಂದರು.

ದಾಸೋಹದ ಯಜಮಾನರ ದೂರು ಮೆಣಸಿನಕಾಯಿಯದು. ಒಣಮೆಣಸಿನಕಾಯಿಯ ರಾಶಿಯ ಪಕ್ಕದಲ್ಲೇ ನಿಂತು ಹೇಳಿದರು: ಈ ಭಾಗದ ರೈತರು ಇಷ್ಟೆಲ್ಲ ಬೆಳೆದು, ಚೀಲ ಕಟ್ಟಿ, ಲಾರಿಗೆ ಹೇರಿ ಬ್ಯಾಡಗಿಗೆ ಒಯ್ಯಬೇಕು. ನಾಲ್ಕೈದು ತಾಸಿನ ದಾರಿ. ಬಾಡಿಗೆ, ಹಮಾಲಿ, ಒಂದು ರಾತ್ರಿ ಅಲ್ಲೇ ಮಲಗುವುದು; ದರ ಬಿದ್ದಿದ್ದರೆ ತಿರುಗಿ ತರುವಂತೆಯೂ ಇಲ್ಲ. ಬಳ್ಳಾರಿಯಲ್ಲೇ ಮೆಣಸಿನಕಾಯಿ ಮಾರುಕಟ್ಟೆ ಬೇಕೆಂಬುದು ಇಲ್ಲಿನ ಹಳೆಯ ಕೂಗು. “ನಮ್ಮ ಕಾಯಿ ಬ್ಯಾಡಗಿಗೆ ಹೋಗಿ, ಅಲ್ಲಿಂದ ಪುಡಿಯಾಗಿ ಮತ್ತೆ ನಮ್ಮೂರ ಅಂಗಡಿಗೇ ಬರ್ತದ” ಎಂದು ಅವರು ಹೇಳಿದಾಗ ಸುತ್ತ ನಿಂತವರು ಯಾರೂ ನಗಲಿಲ್ಲ. ಈ ಮಾತು ಬರೆಯಲೇಬೇಕೆಂದು ಕೈ ಹಿಡಿದು ಕೇಳಿದರು. ಅವರ ಕೇಳಿಕೆ ನ್ಯಾಯವಾದದ್ದೆಂದು ನನಗೂ ಅನಿಸಿದೆ, ಬರೆದಿದ್ದೇನೆ.

ಸಾರು ಹುರಳಿ ಕಟ್ಟಿನದು. ಸಿರುಗುಪ್ಪದ ದಾರಿಯ ತೆಕ್ಕಲಕೋಟೆಯಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆಸಿದಾಗ ನವಶಿಲಾಯುಗದ ಮನೆಗಳ ಜೊತೆಗೆ ಕರಿಕಾದ ಹುರಳಿ ಕಾಳು ಸಿಕ್ಕಿತ್ತು. ಮೂರೂವರೆ ಸಾವಿರ ವರ್ಷ ಕಳೆದರೂ ಈ ಬಂಡೆಗಳ ನಡುವೆ ಅದೇ ಕಾಳು ಬೇಯುತ್ತಿದೆ. ಇದನ್ನು ಹೇಳಿದಾಗ ಸಾರಿನ ಹುಡುಗ ಕೊಪ್ಪರಿಗೆಯೊಳಗೆ ಒಮ್ಮೆ ಇಣುಕಿ ನೋಡಿದ.

ಹೊತ್ತು ಏರಿದ ಮೇಲೆ ನಾನು ರೊಟ್ಟಿಯವರ ಹತ್ತಿರ ಹೋದೆ, ಆಮೇಲೆ ಏಳಲಿಲ್ಲ. ಖಡಕ್ ರೊಟ್ಟಿಯನ್ನು ಮೂರು ದಿನ ಮೊದಲೇ ಬಡಿದು ಪೇರಿಸಿಟ್ಟಿದ್ದರು. ಇವತ್ತಿನದು ಬಿಸಿರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಕುದಿವ ಎಸರು ಹೊಯ್ದರೇ ಅದು ಕೂಡಿಕೊಳ್ಳುವುದು. ಕೊಣಮಿಗೆಯಲ್ಲಿ ನಾದಿ, ಮುದ್ದೆ ಮಾಡಿ, ಅಂಗೈಯಿಂದ ಬಡಿಯುತ್ತ ಹೋದಂತೆ ರೊಟ್ಟಿ ತಾನೇ ಸುತ್ತುತ್ತದೆ. 11 ಜನರ ಬಡಿತ ಒಮ್ಮೊಮ್ಮೆ ಒಂದೇ ತಾಳಕ್ಕೆ ಬರುತ್ತಿತ್ತು, ಮತ್ತೆ ಚದುರುತ್ತಿತ್ತು. ಪಕ್ಕದ ಅನ್ನದ ಒಲೆ ಖಾಲಿಯಾದಾಗ ಸಿರುಗುಪ್ಪದವರು ಹೇಳಿಸಿಕೊಳ್ಳದೆ ಕೆಂಡವನ್ನು ಸಲಿಕೆಯಲ್ಲಿ ತಂದು ಹಂಚಿನ ಕೆಳಗೆ ಸುರಿದರು. ಇಡೀ ದಿನದಲ್ಲಿ ಒಂದು ತಂಡ ಇನ್ನೊಂದರ ಜೊತೆ ಸೇರಿದ್ದು ಕಣ್ಣಿಗೆ ಕಂಡದ್ದು ಆಗಲೇ.

ಅವರಲ್ಲಿ ಹಿರಿಯಳು ನನ್ನನ್ನು ಬಹಳ ಹೊತ್ತು ನೋಡಿ, “ತಮ್ಮಾ, ಎಷ್ಟು ಮಂದಿ ಹಿಂಗ ಬಂದು ಫೋಟೋ ಹೊಡಕೊಂಡು ಹೋಗ್ಯಾರ ಗೊತ್ತೈತೇನು? ಒಬ್ರೂ ತಂದು ಕೊಟ್ಟಿಲ್ಲ” ಎಂದಳು. ಹನ್ನೆರಡನೆಯ ವಯಸ್ಸಿನಿಂದ ರೊಟ್ಟಿ ಬಡಿಯುತ್ತಿರುವವಳು. ರೊಟ್ಟಿ ಬಡಿಯುವ ತನ್ನ ಚಿತ್ರ ಒಂದೂ ಅವಳ ಮನೆಯಲ್ಲಿಲ್ಲ. ಮೊಬೈಲಿನಲ್ಲಿ ಕಳಿಸುತ್ತೇವೆ ಎನ್ನುತ್ತಾರೆ, ಅವಳ ಹತ್ತಿರ ಇರುವುದು ಬಟನ್ ಫೋನು. ಈಗ ರೊಟ್ಟಿ ಮಷಿನ್ನು ಬಂದಿದೆ, ಕರೆಯುವವರು ಕಮ್ಮಿಯಾಗುತ್ತಿದ್ದಾರೆ. ಸೊಸೆ ಹಿಟ್ಟಿನ ಕೈ ಕಲಿಯಲಿಲ್ಲ, ಮೊಮ್ಮಗಳು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾಳೆ. ನಮ್ಮಂಥವರು ಹೀಗೆ ಬಂದು, ಮುಖ ಕೇಳಿ ತೆಗೆದುಕೊಂಡು, ಕೊಡುವುದನ್ನು ಮರೆತು ಹೋಗುವುದು ದೊಡ್ಡ ತಪ್ಪು. ಅವಳ ಎದುರು ಕೂತಾಗ ನನಗೆ ಅದು ನೋವಿನಂತೆಯೇ ತಾಗಿತು. ತಂದುಕೊಡುತ್ತೇನೆ ಎಂದೆ.

“ಹಂಗಾದ್ರ ನನ್ನ ಮಾರಿ ಬ್ಯಾಡ. ರೊಟ್ಟಿ ಉಬ್ಬಿದಾಗ ತಗಿ.”

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾಳೆ, ಮಗುಚುತ್ತಾಳೆ, ಎಲ್ಲೋ ಒಂದು ಅಂಚಿನಿಂದ ಉಸಿರು ಹೊಕ್ಕಂತೆ ಇಡೀ ರೊಟ್ಟಿ ಎದ್ದು ನಿಲ್ಲುತ್ತದೆ. ಅವಳ ಎರಡು ಬೆರಳು ಮುಟ್ಟಿದ ಕೂಡಲೇ ಹಬೆ ಬಿಟ್ಟು ಕೂರುತ್ತದೆ. ನಡುವೆ ಇರುವುದು ಒಂದೆರಡು ಕ್ಷಣ. ನಲವತ್ತಕ್ಕೂ ಹೆಚ್ಚು ಸಲ ಒತ್ತಿದೆ. ಪಂಕ್ತಿಗೆ ಜನ ಕೂತರು, ಹುಗ್ಗಿಯ ಬಕೆಟ್ಟು ಹೊರಟಿತು. ನನ್ನನ್ನು ಎಬ್ಬಿಸಿ ಊಟಕ್ಕೆ ಕೂರಿಸಿದವಳೂ ಅವಳೇ. ದೊಡ್ಡಬಸವೇಶ್ವರನಿಗೆ ಕೈಮುಗಿದದ್ದು ಸಂಜೆ, ಕ್ಯಾಮೆರಾ ಚೀಲದಲ್ಲೇ ಇತ್ತು.

ರಾತ್ರಿ ಬಳ್ಳಾರಿಯ ಸ್ಟುಡಿಯೋ ಮುಚ್ಚುವ ಮೊದಲು 11 ಪ್ರಿಂಟು ಹಾಕಿಸಿದೆ, ಒಬ್ಬೊಬ್ಬರಿಗೆ ಒಂದೊಂದು. ಹುಗ್ಗಿಯ ಹಿರಿಯರು ಮುಂದಿನ ಸೋಮವಾರ ಕುರುಗೋಡಿಗೆ ಮತ್ತೆ ಹೋಗುವವರಿದ್ದರು, ಲಕೋಟೆಯನ್ನು ಅವರ ಕೈಗೆ ಕೊಟ್ಟೆ. ಹಿರಿಯಳದರಲ್ಲಿ ಪೂರ್ತಿ ಉಬ್ಬಿದ ರೊಟ್ಟಿ ಇದೆ, ಕೆಳಗೆ ಸಿರುಗುಪ್ಪದವರು ಸುರಿದ ಕೆಂಡ, ಬಲ ಅಂಚಿನಲ್ಲಿ ಹಿಟ್ಟು ಮೆತ್ತಿದ ಎರಡು ಬೆರಳು.